ರುದ್ರಣ್ಣನ ಕಳ್ಳಿ

ರುದ್ರಣ್ಣ ಕೂತಲ್ಲೇ ಬಸ್ಸು ಓಡಿಸುತ್ತಿದ್ದ. ನಮ್ಮ ಕಟ್ಟೆಯ ಮೇಲೆ ಚಾ ಕುಡಿಯುವಾಗಲೂ ಅವನ ಬಲಗಾಲು ನೆಲವನ್ನು ಒತ್ತುತ್ತ, ಬಿಡುತ್ತ ಇರುತ್ತಿತ್ತು. "ಎಲ್ಲಿಗೆ ಮುಟ್ಟಿದ್ಯಪಾ?" ಎಂದು ನಮ್ಮವ್ವ ಕೇಳಿದರೆ, "ಹರಿಹರದ ಸೇತುವೆ ದಾಟಿದೆ ನೋಡವ್ವಾ" ಎನ್ನುತ್ತಿದ್ದ.

ಐವತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಹತ್ತಿ ಗಿರಣಿಯ ಹಿಂದಿನ ಸಾಲುಮನೆಗಳಲ್ಲಿ ನಮ್ಮ ಗೋಡೆಗೆ ಅವನ ಗೋಡೆ. ಶಿವಮೊಗ್ಗದ ಕಡೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಮನೆ ಕಾಣುವುದು ಮೂರು ದಿನಕ್ಕೊಮ್ಮೆ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ನಾಯಿ ಸಾಕಿದ, ಅದು ಅನ್ನ ಹಾಕುವವರ ಮನೆ ಸೇರಿತು. ತುಳಸಿ ಇಟ್ಟ, ಒಣಗಿತು. ಕಡೆಗೆ ಗ್ರೀಸ್ ಡಬ್ಬಿಗೆ ತೂತು ಹೊಡೆದು, ಮರಳು, ಇಟ್ಟಿಗೆ ಚೂರು ತುಂಬಿ ಮೊಳದುದ್ದದ ಕಳ್ಳಿ ನೆಟ್ಟ.

"ಮನಿ ಮುಂದೆ ಮುಳ್ಳಿನ ಗಿಡ ಇಡಬಾರದಪಾ" ಎಂದಳು ಅವ್ವ.

"ನಾ ಬರೋತನಕ ಕಾಯ್ಕಂಡಿರೋದು ಇದೊಂದೇ ಅವ್ವಾ. ಇರ್ಲಿ ಬಿಡು."

ನಮ್ಮ ಮನೆತನದ ಮೊದಲ ಪದವೀಧರ ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ. ಆದರೆ ಡಿಗ್ರಿ ಪರೀಕ್ಷೆಯಲ್ಲಿ ಮೊದಲ ಸಲ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆ. ಅಪ್ಪ ಗಿರಣಿಯಲ್ಲಿ ನನಗೂ ಕೆಲಸ ನೋಡಿಟ್ಟಿದ್ದ. ಇನ್ನೊಂದೇ ಸಲ ಎಂದು ಕಾಡಿ ಬೇಡಿ ಒಪ್ಪಿಸಿದ್ದೆ. ಇದೂ ಹೋದರೆ ಗಿರಣಿಯೇ ಗತಿ. ಓದಲು ಕೂತರೆ ಕೂರಲಾಗುತ್ತಿರಲಿಲ್ಲ. ಒಳಗೆ ಹೋಗು, ಹೊರಗೆ ಬಾ. ಹಾಗೆ ಬಂದಾಗಲೆಲ್ಲ ಬೀಗ ಹಾಕಿದ ಬಾಗಿಲ ಮುಂದೆ ಆ ಕಳ್ಳಿ. ಬೇಸಿಗೆ ಬೇರೆ, ಪಾಪ ಅನ್ನಿಸಿ ಒಂದು ತಂಬಿಗೆ ನೀರು ಹಾಕಿದೆ. ಆಮೇಲೆ ದಿನಾ ಎರಡು ಹೊತ್ತು ಹಾಕಿದೆ. ಮದುವೆ ದಿಬ್ಬಣಗಳ ಬಾಡಿಗೆಗೆ ಹೋಗಿದ್ದ ರುದ್ರಣ್ಣ ತಿಂಗಳ ಮೇಲೆ ಬಂದಾಗ ಬುಡ ಕೊಳೆತು ಕಳ್ಳಿ ಗೋಡೆಗೆ ಒರಗಿತ್ತು.

ಅವನು ಬೈಯಲಿಲ್ಲ. ಬೆರಳಿನಿಂದ ಒತ್ತಿ ಒತ್ತಿ ನೋಡಿದ. "ತಲೆ ಗಟ್ಟಿ ಐತೆ" ಎಂದು ಚಾಕುವಿನಿಂದ ಹಸಿರು ತುದಿ ಕತ್ತರಿಸಿ ಕಿಟಕಿಯಲ್ಲಿಟ್ಟ.

"ನೆಡಲ್ವಾ ರುದ್ರಣ್ಣ?"

"ಮೊದ್ಲು ಗಾಯ ಒಣಗ್ಲಿ. ಎಂಟು ದಿನ ಬೇಕು. ನೀ ತಂಬಿಗೆ ತಗಂಡು ಬಂದ್ರೆ ಕೈ ಮುರಿತೀನಿ."

ಎಂಟು ದಿನದ ಮೇಲೆ ಒಣ ಮರಳಲ್ಲಿ ನೆಟ್ಟ. "ನಿನ್ನ ಪರೀಕ್ಷೆ ಮುಗಿಯೋತನಕ ಮುಟ್ಟಬ್ಯಾಡ. ನೀ ಓದು, ಅದು ಬೇರು ಬಿಡ್ಲಿ."

ಮೂರು ವಾರ ತಡೆದೆ. ಒಂದು ಮಧ್ಯಾಹ್ನ ತಡೆಯದೆ ಕಿತ್ತು ನೋಡಿಯೇಬಿಟ್ಟೆ. ದಾರದ ಎಳೆಯಂಥ ಎರಡು ಬೇರು. ಒಂದು ಹರಿದು ಕೈಗೆ ಬಂತು. ಗಡಬಡಿಸಿ ಮತ್ತೆ ಮರಳಲ್ಲಿ ಊರಿಟ್ಟೆ. ಅವನು ಬಂದ ದಿನ ಒಪ್ಪಿಕೊಂಡೆ. ಬಿದ್ದು ಬಿದ್ದು ನಕ್ಕ.

"ಬೇರು ಬಂದೈತೇನು ಅಂತ ನೋಡಾಕ ಬೇರನ್ನೇ ಕಿತ್ತೆಲ್ಲಲೇ! ನಾಳೆ ಪರೀಕ್ಷೆನಾಗ ಬರೆದು ಕೊಟ್ಟ ಪೇಪರ್ನೂ ಹಿಂಗೇ ಕಸ್ಕಂಡು ನೋಡ್ತೀಯೇನು?"

ಆಮೇಲೆ ಡಬ್ಬಿಯನ್ನೇ ಎತ್ತಿ ತಂದು ನನ್ನ ಓದುವ ಕಿಟಕಿಯಲ್ಲಿಟ್ಟ. "ಇನ್ನೊಂದು ಬೇರು ಐತಲ್ಲ, ಸಾಕು. ಇದರ ಮುಂದೆ ಕೂತು ಓದು. ಎದ್ದರೆ ಚುಚ್ಚತೈತೆ."

ಕೂತೆ. ಪಾಸಾದೆ. ಗಿರಣಿಗೆ ಹೋಗಲಿಲ್ಲ, ಹೈಸ್ಕೂಲು ಮೇಷ್ಟ್ರಾದೆ.

ಅವನನ್ನು ಕಡೆಯ ಸಲ ಕಂಡದ್ದು ಎಷ್ಟೋ ವರ್ಷದ ಮೇಲೆ ಹರಿಹರದಲ್ಲಿ, ಅವನ ಅಕ್ಕನ ಮನೆಯಲ್ಲಿ. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಆ ಕಾಲು ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು; ನೋಡಲಾಗಲಿಲ್ಲ. ಅಕ್ಕ ಗಳಿಗೆಗೊಮ್ಮೆ ಗಂಜಿ ತರುವಳು, ದಿಂಬು ಸರಿಸುವಳು, ಬಂದವರ ಮುಂದೆ ಅಳುವಳು. ಆಕೆ ಒಳಗೆ ಹೋದಾಗ ರುದ್ರಣ್ಣ ತೊದಲಿದ: "ಎಲ್ಲಾರೂ... ನೀರು ಹಾಕ್ತಾರಲೇ."

ಎತ್ತಿಕೊಂಡು ಹೋಗಿ ಹಿತ್ತಲಿನ ಎಳೆಬಿಸಿಲಲ್ಲಿ ಗೋಡೆಗೆ ಒರಗಿಸಿ ಕೂರಿಸಿದೆ. ಅಕ್ಕ ಹಾಲಿನ ಲೋಟ ಹಿಡಿದು ಬಂದಳು. ಬಾಗಿಲಲ್ಲೇ ತಡೆದೆ.

"ಅಕ್ಕಾರ, ಒಂದು ತಾಸು ಬಿಡ್ರಿ."

"ಓದಿದೋರಿಗೆ ಕರುಳೇ ಇರಲ್ಲ ನೋಡು" ಎಂದು ಆಕೆ ಲೋಟ ಕುಕ್ಕಿ ಒಳಗೆ ಹೋದಳು.

ನಾನು ದೂರ ಹೋಗಿ ಕೂತೆ. ಮಾತಾಡಿಸಬೇಕು, ಹೊದೆಸಿದ ರಗ್ಗು ಸರಿಮಾಡಬೇಕು ಎಂದು ಜೀವ ಹೊಯ್ದಾಡುತ್ತಿತ್ತು. ಹಲ್ಲು ಕಚ್ಚಿ ಕೂತೇ ಇದ್ದೆ. ಬಹಳ ಹೊತ್ತಿನ ಮೇಲೆ ರುದ್ರಣ್ಣ ಕಣ್ಣು ತೆರೆದು ನನ್ನ ಕಾಲನ್ನೇ ನೋಡತೊಡಗಿದ. ನಾನೂ ನೋಡಿಕೊಂಡೆ. ನನ್ನ ಬಲಗಾಲು ನೆಲವನ್ನು ಒತ್ತುತ್ತ, ಬಿಡುತ್ತ ಇತ್ತು.

"ಎಲ್ಲಿಗೆ... ಮುಟ್ಟಿದಿ?" ಎಂದ.