ಎರಡು ಊರಿನ ನಡುವೆ ಒಂದು ಅಂಗಿ

ಬೆಳಗಿನ ಜಾವಕ್ಕೇ ವಿಮಾನ ನಿಲ್ದಾಣಕ್ಕೆ ಬಂದಿದ್ದೇನೆ. ಇನ್ನೂ ಒಂದು ಪ್ರಶ್ನೆಯೂ ಬಾಯಿಂದ ಹೊರಟಿಲ್ಲ. ಮಾತಾಡಿಸಲು ಬಂದವಳೇ ಕಂಬದ ಹಾಗೆ ನಿಂತರೆ ಪತ್ರಿಕೆಯ ಲೇಖನ ಹೇಗಾದೀತು? ಪುಣ್ಯಕ್ಕೆ, ನಾನು ನೋಡಲು ಬಂದಿರುವ ಗಾಲಿ ಅಕ್ಕನಲ್ಲಿ ಇಬ್ಬರಿಗಾಗುವಷ್ಟು ಮಾತಿದೆ.

ಗಾಲಿ ಅಕ್ಕನಿಗೆ ಆ ಹೆಸರು ಬಂದದ್ದು ಕೆಲಸದಿಂದ. ನಡೆಯಲಾಗದ ಪ್ರಯಾಣಿಕರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ವಿಮಾನದ ಬಾಗಿಲಿನವರೆಗೆ ಮುಟ್ಟಿಸುತ್ತಾರೆ. ಈಗ ಬಗ್ಗಿ, ಕುರ್ಚಿಯ ಬ್ರೇಕು ಎಳೆದು ನೋಡಿ, ಸೀಟನ್ನು ಅಂಗೈಯಿಂದ ಗಸಗಸ ಉಜ್ಜುತ್ತಿದ್ದಾರೆ. "ರೆಕ್ಸಿನ್ನು ನೋಡಿ, ಬೆಳಗ್ಗೆ ಐಸ್ ಆಗಿರುತ್ತೆ. ಕೂತ ತಕ್ಷಣ ಜನ ಹೌಹಾರ್ತಾರೆ."

ಮೊದಲು ಬಹಳ ವರ್ಷ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಿದವರು. "ಅಲ್ಲಿ ಯಾರ ಮುಖದಲ್ಲೂ ಕಳೆ ಇರ್ತಿರ್ಲಿಲ್ಲ. ಇಲ್ಲಿ ಅರ್ಧ ಜನ ಮೊಮ್ಮಕ್ಕಳನ್ನ ನೋಡೋಕೆ ಹೊರಟಿರ್ತಾರೆ." ದಿನಕ್ಕೆ ಇಪ್ಪತ್ತು ಸುತ್ತಾದರೂ ಆಗುತ್ತದೆ; ಸಂಜೆ ಮೊಣಕಾಲು ಹಿಡಿದುಕೊಳ್ಳುತ್ತದೆ. "ಯಜಮಾನ್ರಿಗೆ ಹೇಳ್ತೀನಿ, ಒಂದು ಸಲ ನನ್ನನ್ನೂ ಕೂರಿಸಿ ತಳ್ರೀ ಅಂತ. ಮೊದಲು ತೂಕ ಇಳಿಸು ಅಂತಾರೆ!"

ಮೊದಲ ಸಲ ಹಾರುವವರು ಕೇಳುವುದು ಒಂದೇ: ಎಷ್ಟು ದೂರ, ಎಷ್ಟು ಹೊತ್ತು? ಗಂಟೆಯ ಲೆಕ್ಕದಿಂದ ಯಾರ ಭಯವೂ ಇಳಿಯದಿರುವುದನ್ನು ಕಂಡ ಅಕ್ಕ, ಅವರವರ ಕಸುಬಿನಲ್ಲೇ ಅಳೆದು ಹೇಳುತ್ತಾರೆ. ಒಮ್ಮೆ ಕ್ಷೌರದ ಅಂಗಡಿಯವರಿಗೆ "ನಾಲ್ಕು ತಲೆ, ಅಷ್ಟೇ" ಎಂದು ಎಡವಟ್ಟು ಮಾಡಿಕೊಂಡರಂತೆ. "ಅವರ ಅಂಗಡೀಲಿ ಹರಟೆ ಸೇರಿ ನಾಲ್ಕು ತಲೆಗೆ ಇಡೀ ದಿನವಂತೆ! ಪಾಪ, ಬುತ್ತಿ ತರ್ತೀನಿ ಅಂತ ಎದ್ದೇಬಿಟ್ರು."

ಈಗ ಕುರ್ಚಿಯಲ್ಲಿರುವವರು ಬಟ್ಟೆ ಹೊಲಿಯುವ ಅಜ್ಜಿ. ದೂರದ ಊರಿನಲ್ಲಿ ಮಗಳಿಗೆ ಹೆರಿಗೆ ನೋವು ಶುರುವಾಗಿದೆ. ರೈಲಾದರೆ ಒಂದು ಹಗಲು, ಒಂದು ರಾತ್ರಿ.

"ಸಾವಿರ ಕಿಲೋಮೀಟರಂತೆ ಕಣಮ್ಮ!"

"ಇರಲಿ ಬಿಡಿ. ಒಂದು ಅಂಗಿಗೆ ಎಷ್ಟು ಹೊತ್ತು ನಿಮಗೆ?"

"ಕಾಲರ್ ಸೇರಿ ಎರಡು ಗಂಟೆ."

"ಅಷ್ಟೇ. ಗುಂಡಿ ಹಾಕೋ ಹೊತ್ತಿಗೆ ಇಳೀತೀರಿ. ವಾಪಸ್ ಬರೋವಾಗ ಎದುರುಗಾಳಿ, ಒಂದು ಜೇಬು ಜಾಸ್ತಿ."

ಅಜ್ಜಿ ನಗುತ್ತಾರೆ. ಆದರೆ ವಿಮಾನದ ಬಾಗಿಲು ಕಂಡದ್ದೇ ತಡ, ಎರಡೂ ಕೈಯಲ್ಲಿ ಚಕ್ರ ಹಿಡಿದುಬಿಡುತ್ತಾರೆ. "ಬೇಡ. ರೈಲಿಗೇ ಹೋಗ್ತೀನಿ." ಬಾಗಿಲು ಮುಚ್ಚುವ ಹೊತ್ತಾಯಿತೆಂದು ಒಳಗಿನಿಂದ ಗಗನಸಖಿ ಕೈಸನ್ನೆ ಮಾಡುತ್ತಾರೆ.

"ರೈಲಲ್ಲಿ ಹೋದ್ರೆ, ಮಗೂನೇ ನಿಮ್ಮನ್ನ ಕರ್ಕೊಂಡು ಹೋಗೋಕೆ ಸ್ಟೇಷನ್ನಿಗೆ ಬರುತ್ತೆ!" ಎನ್ನುತ್ತಾರೆ ಅಕ್ಕ.

"ತಮಾಷೆ ಸಾಕು. ಭಯ ಆಗುತ್ತಾ ಇಲ್ವಾ, ನಿಜ ಹೇಳು."

"ನಾನು ಹತ್ತಿದ್ದು ಒಂದೇ ಸಲ. ಕೂತೆ, ನಿದ್ದೆ ಹೋದೆ, ಇಳಿಸಿದ್ರು. ನನ್ನ ಸಾಕ್ಷಿ ನಡೆಯಲ್ಲ. ಈ ಹುಡುಗೀನ ಕೇಳಿ."

ಇಬ್ಬರೂ ನನ್ನತ್ತ ತಿರುಗುತ್ತಾರೆ. 'ಏನೂ ಆಗಲ್ಲ ಅಜ್ಜಿ' ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿಕೊಳ್ಳುತ್ತೇನೆ.

"ಭಯ ಆಗುತ್ತೆ ಅಜ್ಜಿ. ಮೊದಲ ಸಲ ಮೇಲೇರೋವಾಗ ನಾನು ಅತ್ತೇಬಿಟ್ಟಿದ್ದೆ. ಪಕ್ಕದವರ ಕೈ ಗಟ್ಟಿಯಾಗಿ ಹಿಡ್ಕೊಂಡೆ. ಯಾರೋ ಏನೋ, ಇಳಿಯೋವರೆಗೂ ಅವರು ಬಿಡಿಸ್ಕೊಳ್ಳಲಿಲ್ಲ."

ಅಜ್ಜಿಯ ಬೆರಳುಗಳು ಚಕ್ರದಿಂದ ಒಂದೊಂದಾಗಿ ಸಡಿಲವಾಗುತ್ತವೆ.

"ಹಾಗಾದ್ರೆ ಕಿಟಕಿ ಬೇಡ ಕಣಮ್ಮ, ನಡುವಿನ ಸೀಟೇ ಕೊಡಿಸು. ಎರಡು ಕೈಗೂ ಒಬ್ಬೊಬ್ಬರು ಸಿಗ್ತಾರೆ."