ಅತ್ತೆ ಮಿಂದ ನೀರು

ಬಚ್ಚಲ ತೂತಿಗೆ ಹಳೇ ಸೀರೆ ತುರುಕಿ, ಮಿಂದ ನೀರನ್ನು ಚೊಂಬಿನಲ್ಲಿ ಮೊಗೆದು ಬಕೆಟ್ಟಿಗೆ ತುಂಬಿಕೊಂಡು ನಮ್ಮತ್ತೆ ಹೊರಬಂದರು. “ಹಿತ್ಲು ಎಲ್ಲೈತೇ?” ಎಂದರು.

ಹಾಲ್ಕುರಿಕೆಯ ಅವರ ಮನೆಯಲ್ಲಿ ಯಾರು ಮಿಂದರೂ ನೀರು ಹಿತ್ತಲ ತೆಂಗಿನ ಬುಡಕ್ಕೇ ಹೋಗಬೇಕು. ತಿಪಟೂರಿನ ನಮ್ಮ ವಠಾರದಲ್ಲಿ ಏಳು ಸಂಸಾರಕ್ಕೆ ಒಂದೇ ಬಚ್ಚಲು. ನಮ್ಮ ಹಿಂಬಾಗಿಲು ತೆಗೆದರೆ ಪಕ್ಕದವರ ಸೀಮೆಎಣ್ಣೆ ಸ್ಟವ್ ಕಾಣುತ್ತದೆ. ನೀರೆಲ್ಲ ಮೋರಿಗೆ ಹೋಗುತ್ತದೆ ಅಂದೆ.

“ಮೋರಿಗಾ? ತೆಂಗಿನ ಸೀಮೇಲಿ ಹುಟ್ಟಿ ಇಂಗೂ ಬದುಕ್ತಾರೇನೇ?” ಎಂದವರೇ ಬಕೆಟ್ ಎತ್ತಿಕೊಂಡು ಹೋಗಿ, ವಠಾರದ ಮುಂದಿರುವ ಓನರ್ ಮನೆಯ ಕಾಂಪೌಂಡಿನೊಳಗಿದ್ದ ಒಂಟಿ ತೆಂಗಿನ ಮರಕ್ಕೆ ಸುರಿದೇಬಿಟ್ಟರು. ಓನರ್ ಜಗುಲಿಯಲ್ಲೇ ಕೂತಿದ್ದರು. ಮನೆ ಖಾಲಿ ಮಾಡಿ ಅಂತಾರೆ ಎಂದುಕೊಂಡೆ. ಅವರು ಎದ್ದು ನಿಂತು ಅತ್ತೆಗೆ ಕೈಮುಗಿದರು! ಮಾರನೇ ದಿನ ಬಚ್ಚಲ ತೂತಿಗೆ ಸಿಮೆಂಟ್ ಮೆತ್ತಿಸಿದರು. “ಹಿರಿಯರು ದಾರಿ ತೋರಿಸವ್ರೆ, ಇನ್ಮೇಲೆ ಎಲ್ಲಾರೂ ಮರಕ್ಕೇ ಹಾಕ್ರಪ್ಪಾ” ಎಂದರು.

ಅತ್ತೆ ಊರಿಗೆ ವಾಪಸಾಗಿ ಹಾಯಾಗಿದ್ದಾರೆ. ಇಲ್ಲಿ ಏಳು ಸಂಸಾರದವರೂ ಬೆಳಗ್ಗೆ ಬಕೆಟ್ ಹಿಡಿದು ಸಾಲಾಗಿ ಹೋಗುತ್ತೇವೆ. ಮರ ಗೊನೆಗೊನೆ ಬಿಟ್ಟಿದೆ. ಚಟ್ನಿಗೆ ಬೇಕಾದ ಕಾಯಿಯನ್ನು ಮಾತ್ರ ಓನರ್ ಇಟ್ಟಿರುವ ಅಂಗಡಿಯಿಂದಲೇ ಕೊಂಡು ತರುತ್ತೇವೆ.