ಕಂಡಕ್ಟರಿಲ್ಲದ ದಾರಿ

ಬಸ್ಸಿಗೆ ಯಾರನ್ನೇ ಹತ್ತಿಸಲಿ, ಅವರನ್ನು ಕಂಡಕ್ಟರಿಗೆ ಒಪ್ಪಿಸದೆ ಕೆಳಗಿಳಿದವನಲ್ಲ ನಾನು. ಹೆಂಡತಿ ಸಿಂದಗಿಯ ತವರಿಗೆ ಹೊರಟರೂ ಅಷ್ಟೆ, ಇಂಡಿ ಊರಿನ ಬೀಗರಿಗೆ ಉಪ್ಪಿನಕಾಯಿ ಡಬ್ಬಿ ಹೊರಟರೂ ಅಷ್ಟೆ. “ಸ್ವಲ್ಪ ನೋಡ್ಕೋರಿ” ಎಂದು ಎರಡು ಸಲ ಹೇಳಿ, ಬಸ್ಸಿನ ನಂಬರನ್ನು ಅಂಗೈಯಲ್ಲಿ ಬರೆದುಕೊಂಡು, ಅದು ಮುಟ್ಟುವುದಕ್ಕೆ ಅರ್ಧ ತಾಸು ಮೊದಲೇ ಆ ಕಡೆಯವರಿಗೆ ಫೋನು ಹಚ್ಚುತ್ತೇನೆ. ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಹಳೆಯ ಕಂಡಕ್ಟರುಗಳು ನನ್ನ ಮುಖ ಕಂಡೊಡನೆ ತಾವೇ ಮೊದಲು ಮಾತಾಡುತ್ತಾರೆ: “ಹೂನ್ರಿ ಮಾಸ್ತರ, ನೋಡ್ಕೋತೇವ್ರಿ. ಇಳೀರಿನ್ನ, ಬಸ್ ಬಿಡ್ಬೇಕು.”

ಇಂಥವನಿಗೆ ಹೋದ ವರ್ಷ ಒಂದು ದಾರಿ ಗಂಟುಬಿದ್ದಿತು. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊ, ನಡುವೆ ಒಂದೂ ಸ್ಟಾಪಿಲ್ಲ, ಹತ್ತಿರ ಹತ್ತಿರ ಹದಿನಾರು ತಾಸು. ಹತ್ತಬೇಕಾದವನು ನಾನೇ.

ಕಾರಣ ನಮ್ಮ ಅಕ್ಕ ಮಾಯವ್ವ. ಇಂಗಳೇಶ್ವರದಲ್ಲಿ ಇರುತ್ತಾಳೆ, ನನಗಿಂತ ಎಂಟು ವರ್ಷ ದೊಡ್ಡವಳು. ನಮ್ಮದು ಕುರಿ ಕಾಯ್ದ ಮನೆತನ. ಹೊಲದ ಬದುವಿನ ಮೇಲೆ ನಡೆಯುತ್ತಲೇ ತಕಲಿ ತಿರುವಿ ಕರಿ ಉಣ್ಣೆಯನ್ನು ನೂಲುವವಳು ಅವಳು. ಎಡವಿದರೂ ಎಳೆ ಹರಿಯುವುದಿಲ್ಲ. ಯಾರೋ ಅದರ ವಿಡಿಯೊ ಮಾಡಿದರು, ಅದು ಎಲ್ಲೆಲ್ಲಿಗೋ ಹೋಯಿತು, ಕೊನೆಗೆ ಕೈಯಿಂದ ನೂಲುವವರ ಒಂದು ಕೂಟದಿಂದ ಆಮಂತ್ರಣ ಬಂತು. ಟಿಕೆಟ್ಟು ಅವರದೇ. ಇಂಗ್ಲಿಷ್ ಬಲ್ಲ ಒಬ್ಬರನ್ನು ಜೊತೆಗೆ ಕರೆತರಬಹುದು.

“ಬ್ಯಾರೆ ಬ್ಯಾರೆ ಊರವ್ರ ಕೈ ಹೆಂಗ ನೂಲ್ತಾವಂತ ಒಮ್ಮೆ ನೋಡ್ಬೇಕು ತಮ್ಮಾ,” ಎಂದಳು ಅಕ್ಕ. ಅವಳು ಬಾಯಿಬಿಟ್ಟು ಏನನ್ನಾದರೂ ಬೇಕೆಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. “ನೀ ಬಂದ್ರ ಹೋಗ್ತೇನಿ. ಇಲ್ಲಂದ್ರ ಒಲ್ಲೆ ಅಂತ ಬರದ್ಬಿಡು.”

ನಾನು ಎರಡು ಉತ್ತರ ಬರೆದೆ. ಒಂದು ಬರುತ್ತೇವೆಂದು, ಇನ್ನೊಂದು ಕ್ಷಮಿಸಬೇಕೆಂದು. ಎರಡನೆಯದರ ಇಂಗ್ಲಿಷ್ ಬಹಳ ಚೆನ್ನಾಗಿ ಬಂದಿತ್ತು. ಎರಡನ್ನೂ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಒಂದು ವಾರ ತಿರುಗಿದೆ.

ಆ ವಾರವೆಲ್ಲ ನಾನು ಮಾಡಿದ್ದು ದಾರಿಯ ಅಧ್ಯಯನ. ಭೂಗೋಳ ಕಲಿಸುವ ಮಾಸ್ತರನಲ್ಲವೆ? ಗೋಡೆಯ ನಕಾಶೆಯ ಮೇಲೆ ಪಟ್ಟಿಯಿಟ್ಟು ಗೆರೆ ಎಳೆದೆ. ಅರಬಸ್ತಾನ, ಆಫ್ರಿಕದ ನೆತ್ತಿ, ಆಮೇಲೆ ಅಟ್ಲಾಂಟಿಕ್ಕಿನ ನೀಲಿ. ಆ ನೀಲಿಯನ್ನು ನೋಡಿ ಪಟ್ಟಿ ಕೆಳಗಿಟ್ಟೆ. ಅಕ್ಕನೂ ಹೆದರಲಿ ಎಂಬ ಸಣ್ಣ ಆಸೆಯಿಂದ, ನಕಾಶೆಯ ಜೊತೆಗೆ ಶಾಲೆಯ ಗೋಲವನ್ನೂ ಚೀಲಕ್ಕೆ ಹಾಕಿಕೊಂಡು ಬಾಗೇವಾಡಿಗೆ ಬಸ್ಸು ಹತ್ತಿ, ಅಲ್ಲಿಂದ ಇಂಗಳೇಶ್ವರಕ್ಕೆ ಹೋದೆ.

ಅಕ್ಕ ನನ್ನ ಗೆರೆಯನ್ನು ನೋಡಿದಳು, ಗೋಲವನ್ನು ನೋಡಿದಳು. “ಬೆಂಗಳೂರು ಎಲ್ಲೈತಿ? ಆ ಊರು ಎಲ್ಲೈತಿ?” ಎಂದು ಕೇಳಿ, ತಾನೇ ನೂತ ಎಳೆಯ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ಆ ಊರಿನತ್ತ ಜಗ್ಗಿದಳು. ನಾನು ಅದನ್ನು ಅಟ್ಲಾಂಟಿಕ್ಕಿಗೆ ಹೊಂದಿಸಲು ನೋಡಿದೆ. ಎಳೆ ಸಡಿಲಾಯಿತು. ಅವಳು ಮತ್ತೆ ಜಗ್ಗಿದಳು. ಅದು ಜಾರಿ ಜಾರಿ ಚೀನಾ ಹತ್ತಿ, ಸೈಬೀರಿಯಾ ಹತ್ತಿ, ಭೂಮಿಯ ನೆತ್ತಿಯ ಹತ್ತಿರ ಹೋಗಿ ಬಿಗಿಯಾಗಿ ಕೂತಿತು.

“ಇದ ನೋಡು ಸನೇದ ದಾರಿ. ಇಷ್ಟ ವರ್ಷ ಹುಡುಗ್ರಿಗೆ ಏನ್ ಕಲಿಸಿದ್ಯೋ?”

ನಾನು ಸೋಲಲಿಲ್ಲ. ವಿಮಾನ ಹಾಗೆಯೂ ಹೋಗುವುದಿಲ್ಲ, ಹಿಮಾಲಯದ ಬೆಟ್ಟಗಳನ್ನು ತಪ್ಪಿಸಿ ಸುತ್ತಿ ಹೋಗುತ್ತದೆ, ಏನಾದರೂ ಕೆಟ್ಟರೆ ಅಲ್ಲಿ ಎತ್ತರ ತಗ್ಗಿಸಿ ಹಾರಲು ಬೆಟ್ಟಗಳು ಬಿಡುವುದಿಲ್ಲ ಎಂದು ಓದಿದ್ದನ್ನೆಲ್ಲ ಒಪ್ಪಿಸಿದೆ. ಸಮುದ್ರದ ಮೇಲೆ ಹೋಗುವಾಗಲೂ, ಇಂತಿಷ್ಟು ಹೊತ್ತಿನಲ್ಲಿ ಮುಟ್ಟಬಹುದಾದ ಒಂದು ನಿಲ್ದಾಣವನ್ನು ಲಕ್ಷ್ಯದಲ್ಲಿಟ್ಟುಕೊಂಡೇ ದಾರಿ ಹಾಕುತ್ತಾರಂತೆ ಎಂದೂ ಬಾಯಿತಪ್ಪಿ ಹೇಳಿಬಿಟ್ಟೆ.

ಅಕ್ಕ ಎಳೆಯನ್ನು ಸುತ್ತಿಕೊಳ್ಳುತ್ತ ಹೇಳಿದಳು: “ಅಪ್ಪ ಕುರಿ ಹೊಡಕೊಂಡ್ ಹೋಗೂದು ಮರ್ತೇನು? ಎಂದಾರ ನೆಟ್ಟಗ ಹೋಗಿದ್ನ? ನೀರ ಎಲ್ಲೈತಿ, ರಾತ್ರಿ ಕುರಿ ನಿಲ್ಸಾಕ ಹೊಲ ಯಾರ ಕೊಡ್ತಾರ, ಅದನ್ನ ನೋಡೇ ದಾರಿ ಹಿಡೀತಿದ್ದ. ಇವ್ರೂ ಹಂಗ ಮಾಡ್ತಾರಂದ್ರ ತಿಳದವ್ರ ಅದಾರ ತಗೋ.”

ಯೋಚಿಸಿದರೆ ನಮ್ಮ ಬಸ್ಸಾದರೂ ಯಾವತ್ತು ನೇರ ಹೋಗಿದೆ? ಇಂಡಿಯಿಂದ ಮುದ್ದೇಬಿಹಾಳಕ್ಕೆ ಬರುವವನನ್ನು ಸಿಂದಗಿಗೋ ಬಾಗೇವಾಡಿಗೋ ಸುತ್ತಿಸಿಯೇ ತರುತ್ತದೆ. ಆ ಸುತ್ತಿಗೆ ನಾನು ಎಂದೂ ಹೆದರಿದವನಲ್ಲ, ಸುತ್ತಿನಲ್ಲಿ ಚಹಾ ಸಿಗುತ್ತದೆ. ಅಂಜಿಕೆ ಹೋದಮೇಲೆ ಹೊರಡುತ್ತೇನೆಂದರೆ ಈ ಜನ್ಮದಲ್ಲಿ ಆಗುವ ಕೆಲಸವಲ್ಲ. ಅದನ್ನೂ ಒಂದು ಸಾಮಾನೆಂದು ಕಟ್ಟಿಕೊಂಡೇ ಹೋಗತಕ್ಕದ್ದು ಎಂದು ಗಟ್ಟಿ ಮಾಡಿಕೊಂಡು, ಒಳ್ಳೆಯ ಇಂಗ್ಲಿಷಿನ ಉತ್ತರವನ್ನು ಅಕ್ಕನ ಒಲೆಗೆ ಹಾಕಿದೆ. ಅದಾದಮೇಲೂ ದಿನಕ್ಕೆರಡು ಸಲ ಹಿಂಜರಿದೆ, ದಿನಕ್ಕೆ ಮೂರು ಸಲ ಗಟ್ಟಿಯಾದೆ. ಮೇಲಾಟದಲ್ಲಿ ಒಂದರ ಅಂತರ ಸಾಕು.

ಆ ಕೂಟದಲ್ಲಿ ಅಕ್ಕ ನೂತದ್ದು, ಭಾಷೆ ಬಾರದ ಮುದುಕಿಯೊಬ್ಬಳು ಅವಳ ತಕಲಿ ಕಸಿದುಕೊಂಡು ತನ್ನದನ್ನು ಕೊಟ್ಟದ್ದು, ಇವನ್ನೆಲ್ಲ ಅವಳು ಇಂಗಳೇಶ್ವರದ ಕಟ್ಟೆಯ ಮೇಲೆ ಇನ್ನೂ ಹೇಳುತ್ತಿದ್ದಾಳೆ. ಅಲ್ಲೇ ಹೋಗಿ ಕೇಳಬೇಕು. ನಾನು ಹೇಳಬೇಕಾದ್ದು ವಿಮಾನ ಹತ್ತಿದ ಗಳಿಗೆಯದು.

ಹತ್ತಿದೊಡನೆ ನನ್ನ ಕಣ್ಣು ರೂಢಿಯಂತೆ ಕಂಡಕ್ಟರನನ್ನು ಹುಡುಕಿತು. ಅಕ್ಕನನ್ನು ಯಾರಿಗೆ ಒಪ್ಪಿಸುವುದು? ಅಷ್ಟರಲ್ಲಿ ಗಗನಸಖಿಯೊಬ್ಬಳು ಬಂದು ನನ್ನ ಬೆಲ್ಟನ್ನು ತಾನೇ ಹಾಕಿದಳು. ನಾನು ಅದರ ಕೊಂಡಿಯನ್ನು ತಿರುವುಮುರುವಾಗಿ ಸಿಕ್ಕಿಸಲು ನೋಡುತ್ತಿದ್ದೆ. ಅವಳು ಬೆಂಗಳೂರಿನ ಹುಡುಗಿ, ಕನ್ನಡ ಬಲ್ಲವಳು. ಅಕ್ಕ ಅವಳ ಮುಂಗೈ ಹಿಡಿದಳು.

“ತಂಗಿ, ಇವ ನನ್ನ ತಮ್ಮ. ಸಾಲಿ ಮಾಸ್ತರ. ಭಾಳ ಅಂಜ್ತಾನ. ಸ್ವಲ್ಪ ನೋಡ್ಕೊ ಯವ್ವಾ.”

“ಆಯ್ತಮ್ಮಾ, ನಾನು ನೋಡ್ಕೋತೀನಿ,” ಎಂದಳು ಹುಡುಗಿ, ನಮ್ಮ ಕಂಡಕ್ಟರನ ಧಾಟಿಯಲ್ಲೇ.

ನೋಡಿಕೊಂಡಳು ಕೂಡ. ಹಾದುಹೋಗುವಾಗಲೆಲ್ಲ “ಮೇಷ್ಟ್ರೇ, ಆರಾಮಾ?” ಎಂದು ಕೇಳುತ್ತಿದ್ದಳು. ಎದುರಿನ ಪರದೆಯಲ್ಲಿ ಪುಟ್ಟ ವಿಮಾನವೊಂದು ಬಾಗಿದ ಗೆರೆಯ ಮೇಲೆ ತನ್ನ ಪಾಡಿಗೆ ಸರಿಯುತ್ತಿತ್ತು. ಪಕ್ಕದಲ್ಲಿ ಅಕ್ಕನ ಬೆರಳುಗಳು ಇಲ್ಲದ ಎಳೆಯನ್ನು ಹೊಸೆಯುತ್ತಿದ್ದವು. ನಾನು ಯಾರಿಗೂ ಫೋನು ಹಚ್ಚುವಂತಿರಲಿಲ್ಲ, ಯಾವ ನಂಬರನ್ನೂ ಅಂಗೈಯಲ್ಲಿ ಬರೆದುಕೊಳ್ಳಬೇಕಿರಲಿಲ್ಲ. ಕೂತಿದ್ದರೆ ಸಾಕಿತ್ತು. ನಮ್ಮ ಉಪ್ಪಿನಕಾಯಿ ಡಬ್ಬಿ ಇಷ್ಟು ವರ್ಷ ಎಂಥ ನಿಶ್ಚಿಂತೆಯಲ್ಲಿ ಇಂಡಿಗೆ ಹೋಗುತ್ತಿತ್ತೆಂದು ನನಗೆ ತಿಳಿದದ್ದು ಅಂದು.